ಮುನಿಯಮ್ಮನ ಕೋಳಿಯ ಹರಕೆ

ಮಂಡಿಕಲ್ ಕಡೆ ಹಳ್ಳಿಗಳಲ್ಲಿ ಕರೆಂಟ್ ಮೀಟರ್ ಓದುವುದು ನನ್ನ ಕೆಲಸ. ಒಂದು ದಿನ ಮುನಿಯಮ್ಮನ ಮನೆಗೆ ಹೋದರೆ, ಆಕೆ ಬೆಚ್ಚಗಿನ ನೀರಿನ ಬೇಸಿನ್‌ನಲ್ಲಿ ಕೋಳಿಯನ್ನು ಕೂರಿಸಿದ್ದಳು.

"ಮೊಟ್ಟೆ ಒಳಗೇ ಸಿಕ್ಕೊಂಡೈತೆ ಸಾರ್, ನಿಲ್ಲೋಕೂ ಆಗ್ತಿಲ್ಲ. ಸ್ವಲ್ಪ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಆಕೆ ಬೀದಿ ಕೊನೆಯ ಗಂಗಮ್ಮನ ಗುಡಿಯತ್ತ ಕೈಮುಗಿದಳು. "ತಾಯೀ, ಇದು ಮೊದಲಿನಂಗೆ ಓಡಾಡಿದ್ರೆ ನಿಂಗೇ ಕೊಯ್ಯಿಸ್ತೀನಿ!"

ಕೋಳಿ ನನ್ನ ಕೈಯಲ್ಲೇ ಕಣ್ಣು ಬಿಟ್ಟಿತು. "ಅಲ್ಲಮ್ಮ, ವಾಸಿಯಾಗಿ ಅದಕ್ಕೇನು ಲಾಭ?" ಅಂದೆ.

"ಅಯ್ಯೋ, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ" ಎಂದು ಮುನಿಯಮ್ಮ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಮೊಟ್ಟೆ ಬುಳಕ್ಕನೆ ನೀರಿಗೆ ಬಿತ್ತು.

ಮುಂದಿನ ತಿಂಗಳು ಹೋದಾಗ ಅದೇ ಕೋಳಿ ಪಕ್ಕದ ಮನೆ ನಾಯಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು.

"ಈಗ ಚೆನ್ನಾಗಿ ಮೊಟ್ಟೆ ಇಡ್ತೈತೆ ಸಾರ್" ಎಂದು ಮುನಿಯಮ್ಮ ಪಿಸುಗುಟ್ಟಿದಳು. ಆಮೇಲೆ ಗುಡಿಗೆ ಕೇಳಿಸುವ ಹಾಗೆ ದನಿ ಎತ್ತಿದಳು. "ಆದ್ರೂ ಇನ್ನೂ ಕುಂಟ್ತೈತೆ, ಅಲ್ವಾ ಸಾರ್?"

ಮೀಟರ್ ಪುಸ್ತಕದಲ್ಲಿ ಒಂದು ಯೂನಿಟ್ಟನ್ನೂ ಸುಳ್ಳು ಬರೆದವನಲ್ಲ ನಾನು. ಗುಡಿಯತ್ತ ತಿರುಗಿ, ಆಕೆಗಿಂತ ಜೋರಾಗಿ ಕೂಗಿದೆ:

"ಹೌದಮ್ಮ, ಪಾಪ, ತುಂಬಾನೇ ಕುಂಟುತ್ತೆ!"