ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ

ಸ್ತನದ ಗಂಟುಗಳನ್ನು ಅಲ್ಟ್ರಾಸೌಂಡಿನಲ್ಲಿ ಪರೀಕ್ಷಿಸುವ ಈ ಡಾಕ್ಟರಿಗೆ ಆಸ್ಪತ್ರೆಯವರು ಇಟ್ಟ ಹೆಸರು ‘ಮೌನಿ’. ಗಂಟನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ನೋಡುವ ತನಕ ಆಕೆ ತುಟಿ ಬಿಚ್ಚುವುದಿಲ್ಲ. ಅಂಚು ನುಣುಪಾಗಿದ್ದು, ಗಂಟು ಚರ್ಮಕ್ಕೆ ಸಮಾನಾಂತರವಾಗಿ ಮಲಗಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ. ಅಂಚು ಒರಟಾಗಿದ್ದು, ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ ಅನುಮಾನ. ಒಂದು ಕಡೆಯಿಂದ ಸಾಧುವಾಗಿ ಕಂಡದ್ದು ಇನ್ನೊಂದು ಕಡೆಯಿಂದ ಹಾಗಿರಬೇಕೆಂದಿಲ್ಲ.

ಎರಡೂ ಕಡೆ ನೋಡುವ ತನಕ ತುಟಿ ಬಿಚ್ಚದ ಈ ನಿಯಮವನ್ನು ಇಪ್ಪತ್ತು ವರ್ಷಗಳಲ್ಲಿ ಆಕೆ ಮುರಿದದ್ದು ಒಂದೇ ಸಲ. ಆ ದಿನ ಮಂಚದ ಮೇಲೆ ಮಲಗಿದ್ದವರು ಆಕೆಯ ಅತ್ತಿಗೆ. ತಾಯಿ ತೀರಿಕೊಂಡ ಮೇಲೆ ಆಕೆಯನ್ನು ಸಾಕಿ ಓದಿಸಿದವರು.

“ಏನೇ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ? ನನ್ನ ಹತ್ರಾನೂ ಬಿಗುಮಾನಾನಾ?” ಎಂದರು ಅತ್ತಿಗೆ.

ಅಡ್ಡ ನೋಟದಲ್ಲಿ ಗಂಟು ನುಣುಪಾಗಿ ಮಲಗಿತ್ತು. “ಏನೂ ಇಲ್ಲ ಅತ್ತಿಗೆ, ಹೆದರ್ಬೇಡಿ,” ಎಂದುಬಿಟ್ಟರು ಡಾಕ್ಟರು.

“ಅಬ್ಬಾ, ಹೋದ ಜೀವ ಬಂತು!” ಅತ್ತಿಗೆ ಏಳಲು ಮೊಣಕೈ ಊರಿದರು.

ಅಷ್ಟಕ್ಕೇ ಬಿಡುವ ಆಸೆ ಡಾಕ್ಟರಿಗೂ ಇತ್ತು. ಆದರೂ, “ಇನ್ನೊಂದ್ ನಿಮಿಷ ಮಲಗಿ,” ಎಂದು ಗಂಟಿನ ಮೇಲೆ ಒತ್ತಿ ಹಿಡಿದಿದ್ದ ಸ್ಕ್ಯಾನಿನ ಹಿಡಿಯನ್ನು, ಪ್ರೋಬನ್ನು, ಉದ್ದಕ್ಕೆ ತಿರುಗಿಸಿದರು. ಪರದೆಯ ಮೇಲೆ ಅದೇ ಗಂಟಿನ ಅಂಚು ಮುಳ್ಳುಮುಳ್ಳಾಗಿ ಕಂಡಿತು.

“ಅವಸರಪಟ್ಟು ಹೇಳ್ಬಿಟ್ಟೆ ಅತ್ತಿಗೆ, ತಪ್ಪಾಯ್ತು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸ್ಲೇಬೇಕು. ಇವತ್ತೇ.”

ಅತ್ತಿಗೆ ಕತ್ತು ಹೊರಳಿಸಿ ಪರದೆಯತ್ತ ಒಮ್ಮೆ ನೋಡಿದರು. ಆಮೇಲೆ, “ಸೂಜಿ ಹಾಕೋರು ಯಾರು?” ಎಂದು ಕೇಳಿದರು.

“ನಾನೇ.”

ಅತ್ತಿಗೆ ನಾದಿನಿಯ ಕೈ ಹಿಡಿದುಕೊಂಡರು. “ಮೊದ್ಲು ಇದು ನಡುಗೋದು ನಿಲ್ಲಲಿ, ಆಮೇಲೆ ಹಾಕು. ನಾನೆಲ್ಲೂ ಓಡಿಹೋಗಲ್ಲ.”