ರನ್ನಿಗೆ ಸಿಕ್ಕಿಬಿದ್ದ ದೊಡ್ಡಮ್ಮ

ನನ್ನ ದೊಡ್ಡಮ್ಮ ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಗೆ ಸೇರುವ ಹೊತ್ತಿಗೆ ಅಲ್ಲಿನ ಗಂಡಸರು ಉದ್ದುದ್ದ ಇಂಗ್ಲಿಷ್ ಪದಗಳನ್ನೆಲ್ಲ ಬಾಚಿಕೊಂಡು ಬೀಗುತ್ತಿದ್ದರು. ಸಂಪಾದಕರು ಉಳಿದದ್ದರಲ್ಲಿ ಒಂದನ್ನು ಇವಳಿಗೆ ಕೊಟ್ಟರು: ‘ರನ್’.

“ಪುಟ್ಟ ಪದ ಅಮ್ಮಾ, ಸಂಜೆಯೊಳಗೆ ಮುಗಿಸಿಬಿಡಿ.”

ಮುಗಿಸುವುದಂತೆ, ಮುಗಿಸುವುದು! ‘ಓಡು’ ಎಂದು ಬರೆದು ಪೆನ್ನು ಮುಚ್ಚುವಷ್ಟರಲ್ಲಿ ಮೂಗು ಸೋರುವುದೂ ರನ್ ಎಂದು ಗೊತ್ತಾಯಿತು. ನದಿ ಹರಿಯುವುದು ರನ್, ಬಟ್ಟೆ ಬಣ್ಣ ಬಿಡುವುದು ರನ್. ಚುನಾವಣೆಗೆ ನಾವು ನಿಲ್ಲುತ್ತೇವೆ. ಅಮೆರಿಕದ ಪುಣ್ಯಾತ್ಮರು ಅದಕ್ಕೂ ಓಡುತ್ತಾರೆ. ಒಂದೊಂದು ಅರ್ಥಕ್ಕೆ ಒಂದೊಂದು ಕಾರ್ಡು. ಆ ಅರ್ಥ ಎಲ್ಲಿ ಸಿಕ್ಕಿತೋ ಆ ಕಾಗದದ ಚೂರನ್ನೇ ಕತ್ತರಿಸಿ ಕಾರ್ಡಿಗೆ ಅಂಟಿಸಬೇಕೆಂಬುದು ಕಚೇರಿಯ ಪದ್ಧತಿ.

ಮನೆಯಲ್ಲಿ ಪತ್ರಿಕೆ ತೂತುತೂತಾಯಿತು. ಮಾತ್ರೆಯ ಜೊತೆ ಬಂದ ಚೀಟಿಗೂ ಕತ್ತರಿ ಬಿತ್ತು, ಜ್ವರ ಬರುವುದೂ ರನ್ ಅಂತೆ.

“ಲೇ, ಇದನ್ನ ದಿನಕ್ಕೆ ಎಷ್ಟು ಸಲ ನುಂಗಬೇಕೇ?” ಎಂದರು ದೊಡ್ಡಪ್ಪ.

“ಅದು ನನಗೆ ಬೇಕಾಗಿರಲಿಲ್ಲ ಕಣ್ರೀ, ನೋಡಲಿಲ್ಲ.”

ಹೀಗೆ ಎರಡು ವರ್ಷ. ಸಂಪಾದಕರು ತಿಂಗಳಿಗೊಮ್ಮೆ ಮುಗಿದ ಪದಗಳನ್ನು ಎಣಿಸುತ್ತಿದ್ದರು. ಪಕ್ಕದ ಮೇಜಿನವನದು ಮುನ್ನೂರು, ಎಲ್ಲಾ ಒಂದೊಂದೇ ಅರ್ಥದ ಉದ್ದನೆಯವು. ದೊಡ್ಡಮ್ಮನದು ಸೊನ್ನೆ. ದೊಡ್ಡಪ್ಪ ನಿವೃತ್ತರು, ಇವಳ ಕೆಲಸ ಹೋದರೆ ಮನೆಯ ಒಲೆ ಉರಿಯುವಂತಿರಲಿಲ್ಲ. ನನಗಂತೂ ಆ ಸಂಪಾದಕರ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸೋಮವಾರ ಅವರು ಕೈಯಾರೆ ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಅವಳ ಮೇಜಿನ ಮೇಲಿಟ್ಟು ಹೋದರು. ತಾಳ್ಮೆ ಮುಗಿದಿದೆ. ಹೀಗಾದರೆ ಕಚೇರಿ ನಡೆಸಲಾಗದು. ನಿಮ್ಮ ಕೆಲಸದ ಅವಧಿ ಈ ತಿಂಗಳ ಕೊನೆಯವರೆಗೆ ಮಾತ್ರ. ಮೂರು ಸಾಲು, ಮೂರರಲ್ಲೂ ರನ್!

ದೊಡ್ಡಮ್ಮನ ಕಣ್ಣಲ್ಲಿ ನೀರು ತುಂಬಿತು. ಕೈ ಮಾತ್ರ ಕತ್ತರಿ ಹುಡುಕಿತು. ಸಂಪಾದಕರು ಮರಳಿ ಬರುವಷ್ಟರಲ್ಲಿ ಕಾಗದ ಮೂರು ಕಾರ್ಡಾಗಿತ್ತು.

“ಅಯ್ಯೋ, ಅದು ನಿಮ್ಮನ್ನ ಕೆಲಸದಿಂದ ತೆಗೆಯೋ ಕಾಗದ ಅಮ್ಮಾ!”

“ಗೊತ್ತು ಸಾರ್. ಮೂರನೇ ಸಾಲಿನ ಅರ್ಥ ಎರಡು ವರ್ಷದಿಂದ ಹುಡುಕ್ತಾ ಇದ್ದೆ. ನಿಮ್ಮಿಂದ ಸಿಕ್ತು, ನಿಮಗೆ ಪುಣ್ಯ ಬರಲಿ,” ಎಂದಳು ಮೂಗೊರೆಸಿಕೊಳ್ಳುತ್ತಾ.

ತಮ್ಮ ಕಾಗದದ ಚೂರುಗಳನ್ನು ಕಿತ್ತುಕೊಳ್ಳಲೆಂದು ಅವಳ ಕಾರ್ಡುಗಳ ಡಬ್ಬಿಗೆ ಕೈಹಾಕಿದ ಸಂಪಾದಕರು ಒಂದು ಕಾರ್ಡು ಓದಿದರು. ಇನ್ನೊಂದು ಓದಿದರು. ಕುರ್ಚಿ ಎಳೆದುಕೊಂಡು ಕೂತರು. ನೂರ ನಲವತ್ತಾರನ್ನೂ ಓದಿ ಮುಗಿಸಿ, ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದಿದ್ದ ಸೊನ್ನೆ ಹೊಡೆದುಹಾಕಿ ‘೧೪೬’ ಎಂದು ಬರೆದರು.

“ಎಷ್ಟಾದ್ರೂ ಪದ ಒಂದೇ ಅಲ್ವಾ ಸಾರ್?” ಎಂದ ಪಕ್ಕದ ಮೇಜಿನವನು.

“ಹೌದಪ್ಪಾ, ಒಂದೇ. ನಾಳೆಯಿಂದ ನೀನು ‘ಸೆಟ್’ ತಗೋ. ಅದಕ್ಕೂ ರನ್ನಿನ ಹಾಗೇ ನೂರಾರು ಅರ್ಥ.”

ಅವನ ಮುಖ ಇಷ್ಟಗಲವಿದ್ದದ್ದು ಇಷ್ಟೇ ಇಷ್ಟಾಯಿತು. ದೊಡ್ಡಮ್ಮನಿಗೆ ಅಳು ನಿಲ್ಲುವ ಮೊದಲೇ ನಗು ಬಂತು.