ಮಂಚ ಹಾರದ ನಾಲ್ಕನೆಯ ಭಾಗ

ನನ್ನ ತವರು ಅಂಕೋಲೆ. ಮದುವೆಯಾಗಿ ಕೋಡಿಬಾಗಕ್ಕೆ ಬರುವಾಗ ಅಪ್ಪ ಪಾತ್ರೆಗಳ ಜೊತೆ ಒಂದು ಮಾಯಾಕಥೆಯ ಐದು ಭಾಗಗಳ ಐದು ಪುಸ್ತಕಗಳನ್ನೂ ಕಟ್ಟಿಕೊಟ್ಟಿದ್ದರು. ಹಾರುವ ಮಂಚದ ಮೇಲೆ ಲೋಕ ಸುತ್ತುವ ರಾಜಕುಮಾರಿಯ ಕಥೆ. ನನಗೆ ಅದು ಅರ್ಧ ಬಾಯಿಪಾಠ. ನಾಲ್ಕನೆಯ ಭಾಗವೊಂದು ಮಾತ್ರ ಮನಸ್ಸಿಗೆ ಸೇರುತ್ತಿರಲಿಲ್ಲ. ಅದರಲ್ಲಿ ಮಂಚದ ಕಾಲು ಮುರಿಯುತ್ತದೆ. ರಾಜಕುಮಾರಿ ಒಂದು ನಡುಗಡ್ಡೆಯಲ್ಲಿ ಮುದಿ ಬಡಗಿಯ ಗುಡಿಸಲು ಸೇರಿ, ಹೊಸ ಕಾಲಿಗೆ ಬೇಕಾದ ಮರ ಬೆಳೆಯಲೆಂದು ಕಾಯುತ್ತಾಳೆ. ರಾಕ್ಷಸನಿಲ್ಲ, ಯುದ್ಧವಿಲ್ಲ. ಗಿಡಕ್ಕೆ ನೀರು ಹೊಯ್ಯುವುದೇ ಕಥೆ.

ಓಣಿಯ ಹೆಂಗಸರಿಗೂ ಅದು ಬೇಡ. ಉಳಿದ ಭಾಗಗಳು ಬಿಣಗಾದವರೆಗೂ ಮನೆಯಿಂದ ಮನೆಗೆ ತಿರುಗುತ್ತಿದ್ದವು. ಹೀಗಾಗಿ, ಅಂಕೋಲೆಯ ಉಪ್ಪಿನ ಚಳವಳಿ ತಣ್ಣಗಾದ ಮರುವರ್ಷದ ಮಳೆಗಾಲದಲ್ಲಿ ನಾದಿನಿ ಬಸುರಿಯಾಗಿ ಬಂದಾಗ, ಮನೆಯಲ್ಲಿದ್ದದ್ದು ಅದೊಂದೇ.

ಹಿಂದೆ ಎರಡು ಸಲ ಅವಳಿಗೆ ಆರನೆಯ ತಿಂಗಳಲ್ಲಿ ಬಸಿರು ಇಳಿದಿತ್ತು. ಈ ಸಲ ಐದರಲ್ಲೇ ಕರೆತಂದಿದ್ದೆವು. ಆರು ದಾಟುವವರೆಗೆ ಮಲಗಿರಬೇಕೆಂದು ಸೂಲಗಿತ್ತಿಯ ಕಟ್ಟಪ್ಪಣೆ. ಆದರೆ ನಾದಿನಿಯ ಕಾಲು ನಿಂತಲ್ಲಿ ನಿಲ್ಲುವಂಥದ್ದಲ್ಲ.

"ಮತ್ತೆ ಎದ್ದಿ ಏನೆ?" ಎಂದು ಅತ್ತೆ ಗದರಿದರೆ, "ಬೆಕ್ಕು ಹಾಲಿಗೆ ಬಾಯಿ ಹಾಕ್ತದೆ ಆಯಿ" ಅನ್ನುತ್ತಿದ್ದಳು.

"ಹಾಕ್ಲಿ ಬಿಡೆ. ಅದೂ ಬಸ್ರೀನೆ."

ಅತ್ತೆಗೆ ಅಕ್ಷರ ಬಾರದು. ಅವರ ಪಾಲಿಗೆ ಪುಸ್ತಕವೆಂದರೆ ಎಲ್ಲವೂ ಪುರಾಣ. ಒಂದು ಮಧ್ಯಾಹ್ನ ಆ ನಾಲ್ಕನೆಯ ಭಾಗವನ್ನು ವ್ಯಾಸಪೀಠದ ಮೇಲಿಟ್ಟು, ಕುಂಕುಮವಿಟ್ಟು, ದೀಪ ಹಚ್ಚಿ ಮಗಳಿಗೆ ಹೇಳಿದರು: "ಕೇಳೂಕೆ ಸುರು ಮಾಡಿದವ್ರು ಮಂಗಳ ಆಗೂವರೆಗೆ ಜಾಗ ಬಿಡೂಕಿಲ್ಲ. ಬಚ್ಚಲಿಗೆ ಹೋಗೂದೊಂದು ಬಿಟ್ಟು."

"ಆಯಿ, ಇದು ಪುರಾಣ ಅಲ್ಲ" ಎಂದೆ ನಾನು.

"ಅಕ್ಷರ ಹೌದಲ್ದ? ಓದು."

ಓದಿದೆ. ಬೇಸರವಾಗಿ ಒಂದು ದಿನ ಎರಡು ಹಾಳೆ ಒಟ್ಟಿಗೆ ತಿರುವಿದೆ. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ನಿನ್ನೆ ಗಿಡ ಮೊಳಕಾಲಿಗೆ ಇತ್ತು, ಇವತ್ತು ಸೊಂಟಕ್ಕೆ ಹ್ಯಾಂಗೆ ಬಂತು? ಹಿಂದೆ ಹೋಗು."

ನಾದಿನಿ ಮುಸುಕಿನೊಳಗೆ ನಕ್ಕಳು. "ವೈನಿ, ಆ ಗಿಡಕ್ಕೆ ಸ್ವಲ್ಪ ಸೆಗಣಿ ಹಾಕೂಕೆ ಹೇಳೆ. ಕಾಳಿ ಹೊಳೆ ದೋಣಿಗೂ ಇಷ್ಟು ಹೊತ್ತು ಕಾಯೂದಿಲ್ಲ."

ಬಿಡದೆ ಓದಬೇಕಾಗಿ ಬಂದದ್ದರಿಂದ, ಹಿಂದೆ ಹಾರಿಸಿದ್ದೆಲ್ಲ ಕಣ್ಣಿಗೆ ಬಿತ್ತು. ಬಡಗಿ ರಾಜಕುಮಾರಿಗೆ ಗಂಜಿ ಬಸಿಯುವುದನ್ನು ಕಲಿಸುವುದು, ಅವಳು ಕೈ ಸುಟ್ಟುಕೊಳ್ಳುವುದು, ಇಬ್ಬರೂ ಬೈದಾಡಿ ಒಂದೇ ಚಾಪೆಯ ಮೇಲೆ ಕೂತು ಉಣ್ಣುವುದು. ಅದನ್ನೇನೂ ಹೊಗಳಲಾರೆ, ಆದರೂ ಮನಸ್ಸಿಗೆ ಹಿತವಾಗಿತ್ತು.

ಆರನೆಯ ತಿಂಗಳು ಹಿಡಿದ ಮೇಲೆ, ಓದುತ್ತಿದ್ದಾಗಲೇ ನಾದಿನಿ ನನ್ನ ಮಣಿಕಟ್ಟು ಹಿಡಿದಳು. ನೋವು. ಅವಳ ಮುಖ ಬೆಳ್ಳಗಾಗಿತ್ತು. ನಾನು ಪುಸ್ತಕ ಮುಚ್ಚಹೋದೆ. ಅತ್ತೆ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ನಿಲ್ಲಿಸ್ಬೇಡ" ಎಂದರು.

ಕಣ್ಣೀರಿಗೆ ಅಕ್ಷರಗಳು ಕಲಸಿಹೋಗುತ್ತಿದ್ದವು. ಆದರೂ ಓದಿದೆ: ರಾಜಕುಮಾರಿ ಕೊಡ ತುಂಬಿದಳು, ನೀರು ಹೊಯ್ದಳು, ಮತ್ತೆ ಕೊಡ ತುಂಬಿದಳು. ಮುಂದಿನ ಪುಟದಲ್ಲೂ ಅದೇ. ಇಲ್ಲಿ ಯಾವ ರಾಕ್ಷಸನೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಏನೂ ಆಗದ ಕಥೆ ಬರೆದವರನ್ನು ದೇವರು ಚೆನ್ನಾಗಿಟ್ಟಿರಲಿ ಎಂದು ಓದುತ್ತಲೇ ಬೇಡಿಕೊಂಡೆ. ನಾದಿನಿಯ ಹಿಡಿತ ಮೆಲ್ಲಗೆ ಸಡಿಲಾಯಿತು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು.

ಆಮೇಲೆ ದಿನಕ್ಕೆ ಅರ್ಧ ಪುಟದಂತೆ ಓದಿದೆ, ಪುಸ್ತಕ ಮುಗಿದುಹೋದೀತೆಂಬ ಹೆದರಿಕೆಗೆ.

ಆರು ದಾಟಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಗಟ್ಟಿ ಕೂತದೆ. ಇನ್ನು ಎದ್ದು ಓಡಾಡು" ಎಂದಳು.

"ಮಂಗಳ ಆಗ್ಲಿಲ್ಲಲ್ಲ?" ಅತ್ತೆ ಅಡ್ಡ ಬಂದರು.

"ಹಾಗಾರೆ ಬೇಗ ಓದೆ ಮಾರಾಯ್ತಿ! ಹುಡುಗಿಗೆ ಗಾಳಿ ಬೇಕು" ಎಂದು ಸೂಲಗಿತ್ತಿ ನನ್ನ ಕಡೆ ತಿರುಗಿದಳು.

ಉಳಿದ ಪುಟಗಳನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ. ಅತ್ತೆ ಬೆಲ್ಲ ಹಂಚಿದರು. ನಾದಿನಿ ನಮ್ಮಿಬ್ಬರ ಹೆಗಲು ಹಿಡಿದು ಜಗಲಿಗೆ ಬಂದು ಕೂತಳು. ಮಳೆ ಬಿಟ್ಟಿತ್ತು. ಸುಟ್ಟ ಒಣಮೀನು ಬೇಕೆಂದಳು, ಸುಟ್ಟುಕೊಟ್ಟೆ. ತನ್ನ ಪಾಲು ಮುಗಿಸಿ ನನ್ನ ಬಟ್ಟಲಿಗೂ ಕೈ ಹಾಕಿದಳು. ಬೇಡವೆನ್ನಲಿಲ್ಲ, ಇಬ್ಬರ ಹಸಿವಲ್ಲವೆ ಅದು.